ಮೊದಲು ಬ್ರೇಕ್ ನೋಡ್ರಪ್ಪ

ನನ್ನ ತಮ್ಮ ತನ್ನ ಹಳೇ ಪೋಲೋ ಜಿಟಿ ಟಿಎಸ್‌ಐ ಕಾರಿಗೆ ರೀಮ್ಯಾಪ್ ಮಾಡಿಸಿದ್ದಾನೆ, ಅಂದರೆ ಪವರ್ ಜಾಸ್ತಿ ಆಗಲಿ ಅಂತ ಇಂಜಿನ್ ನಡೆಸುವ ಸಾಫ್ಟ್‌ವೇರ್ ಬದಲಿಸಿದ್ದಾನೆ. ಇವತ್ತು ಬ್ರೇಕ್ ಪ್ಯಾಡ್ ಹುಡುಕೋಕೆ ಬೆಂಗಳೂರಿನ ಜೆ.ಸಿ. ರೋಡಿಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದ.

1.2 ಲೀಟರ್ ಇಂಜಿನ್, ಕಂಪನಿ ಕೊಟ್ಟಿದ್ದು 105 ಪಿಎಸ್ ಪವರ್. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವುದರಿಂದ ಜಾಸ್ತಿ ಏನೂ ಬಿಚ್ಚಬೇಕಿಲ್ಲ. ಲ್ಯಾಪ್‌ಟಾಪ್ ಸಿಕ್ಕಿಸಿ, ಗಾಳಿ ಎಷ್ಟು ಒತ್ತಡದಲ್ಲಿ ಹೋಗಬೇಕು, ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಒಳಗಿನ ಲೆಕ್ಕ ಬದಲಿಸುತ್ತಾರೆ. ಟರ್ಬೊ ಇಲ್ಲದ ಇಂಜಿನ್ನಿಗೆ ಇದನ್ನೇ ಮಾಡಿಸಿದರೆ ಹೇಳಿಕೊಳ್ಳುವಷ್ಟು ಸಿಗುವುದಿಲ್ಲ, ಸುಮ್ನೆ ದುಡ್ಡು ದಂಡ. ಆದರೆ ಈ ಕಾರಿನ ಏಳು ಗೇರಿನ ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಮಾಡಿರುವುದೇ ತಿರುಗಿಸುವ ಬಲ, ಅಂದರೆ ಟಾರ್ಕ್, 250 ನ್ಯೂಟನ್ ಮೀಟರ್‌ವರೆಗೆ ತಡೆಯಲು. ಅದೂ ಡ್ರೈ ಕ್ಲಚ್, ತಂಪು ಮಾಡಲು ಎಣ್ಣೆ ಇರಲ್ಲ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ತೆವಳುವಾಗಲೇ ಬಿಸಿಯಾಗುತ್ತದೆ, ಅದರ ಮೇಲೆ ಇನ್ನಷ್ಟು ಹೇರಿದರೆ?

ಅಂಗಡಿಯ ಯಜಮಾನರು ಹಳೇ ಪ್ಯಾಡನ್ನು ಬೆಳಕಿಗೆ ಹಿಡಿದು ಉಗುರಿನಲ್ಲಿ ಕೆರೆದರು. ಮೇಲ್ಭಾಗ ಗಾಜಿನ ಹಾಗೆ ಹೊಳೆಯುತ್ತಿತ್ತು. "ಕಾದು ಕಾದು ಹಿಂಗಾಗಿದೆ ಸಾರ್, ಇದು ಹಿಡಿಯಲ್ಲ" ಅಂದರು. ತಮ್ಮ ಸುಮ್ಮನಾದ.

ಎಲ್ಲರಿಗೂ ಮೊದಲು ಪವರ್ ಬೇಕು, ಅಲ್ವಾ? ಟಯರು, ಬ್ರೇಕು ಯಾರ ಕಣ್ಣಿಗೂ ಬೀಳಲ್ಲ. ಫೋಟೋದಲ್ಲೂ ಚೆನ್ನಾಗಿ ಬರಲ್ಲ.

ಮುಂದೆ ಸೈಲೆನ್ಸರ್ ಬದಲಿಸುತ್ತಾನಂತೆ. ಕಂಪನಿ ಕೊಟ್ಟ ಸ್ವರೂಪ ಬದಲಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ ಕಣೋ ಅಂದೆ. "ಅಣ್ಣಾ, ಮೊದಲು ಕಾಫಿ ಕುಡಿಯೋಣ ಬಾ" ಅಂದ.