ಬೀಸೋಕಲ್ಲಿನ ಮುಂದೆ ನಮ್ಮತ್ತೆ

ದಸರಾ ರಜೆಗೆ ಎಲ್ಲಿಗೆ ಹೋಗೋದು ಅಂತ ನಮ್ಮನೆಯಲ್ಲಿ ದೊಡ್ಡ ಜಗಳ. ಮಗ ವಾಟರ್ ಪಾರ್ಕ್ ಅಂದ. ಮಾವ ರಾಮನಗರದ ಜಾನಪದ ಲೋಕ ಅಂದರು, ಹಳ್ಳಿ ಸಾಮಾನು, ಕಲೆಗಳ ಸಂಗ್ರಹಾಲಯ ಅದು. ಗೆದ್ದದ್ದು ಮಾವ. ಪೆಟ್ರೋಲಿಗೆ ದುಡ್ಡು ಕೊಡ್ತೀನಿ ಅಂದವರು ಅವರೊಬ್ಬರೇ.

ಕೋಲಾರದಿಂದ ರಾಮನಗರಕ್ಕೆ ಹೋಗಬೇಕಂದರೆ ಬೆಂಗಳೂರನ್ನು ದಾಟಬೇಕು. ಅದಕ್ಕೇ ಕತ್ತಲಿರುವಾಗಲೇ ಹೊರಟು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಹೋಗುವವರು ಒಂದು ವಿಷಯ ನೆನಪಿಟ್ಟುಕೊಳ್ಳಿ. ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರವನ್ನು ಮುಟ್ಟದೆ ಬಳಸಿಕೊಂಡು ಹೋಗುತ್ತದೆ. ಜಾನಪದ ಲೋಕ ಇರೋದು ಹಳೇ ಮೈಸೂರು ರಸ್ತೆಯಲ್ಲಿ, ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ. ಮ್ಯಾಪ್ ನಂಬಿಕೊಂಡು ಸುಮ್ನೆ ನೇರ ಹೊಡೆದರೆ ಮದ್ದೂರಲ್ಲಿ ವಡೆ ತಿಂದು ವಾಪಸ್ ಬರಬೇಕಾಗುತ್ತದೆ.

ಜಾನಪದ ಲೋಕವನ್ನು ಕಟ್ಟಿದವರು ಎಚ್. ಎಲ್. ನಾಗೇಗೌಡರು. ನಾಗಮಂಗಲದ ಕಡೆಯವರು, ಐಎಎಸ್ ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಆಮೇಲೆ 15 ಎಕರೆ ಜಾಗದಲ್ಲಿ ಈ ಲೋಕ ಎದ್ದು 1994ರಲ್ಲಿ ಜನರಿಗೆ ತೆರೆಯಿತು. ಅಷ್ಟು ದೊಡ್ಡ ಕೆಲಸದಲ್ಲಿದ್ದವರು ಮೊರ, ಒನಕೆ, ನೇಗಿಲು ಅಂತ ಹಳ್ಳಿ ಸಾಮಾನು ಕೂಡಿಸಿಟ್ಟರಲ್ಲ, ಅದನ್ನು ಮೆಚ್ಚಬೇಕು.

ಲೋಕಮಹಲ್ ಅನ್ನೋ ಅಲ್ಲಿನ ಕಟ್ಟಡದಲ್ಲಿ ಮಕ್ಕಳು ತೊಗಲುಗೊಂಬೆ, ಮುಖವಾಡ ನೋಡಿ ಖುಷಿಪಟ್ಟರು. ನಾನು ಅದರ ಬಗ್ಗೆ ಜಾಸ್ತಿ ಬರೆಯಲ್ಲ, ಫೋಟೋ ಎಲ್ಲ ಕಡೆ ಸಿಗುತ್ತವೆ. ನಮಗೆ ಹೊತ್ತು ಹೋದದ್ದು ಬೇಸಾಯದ ಸಾಮಾನಿನ ಹತ್ತಿರ.

ಮಾವ ಬೀಜ ಬಿತ್ತೋ ಕೂರಿಗೆ ನೋಡಿದ್ದೇ ತಡ, ಮೊಮ್ಮಗನನ್ನು ಎಳೆದು ನಿಲ್ಲಿಸಿಕೊಂಡರು. ವೇಮಗಲ್ ಹತ್ತಿರದ ಹಳ್ಳಿಯಲ್ಲಿ ರಾಗಿ ಬೆಳೆದವರು ಅವರು. ಮೇಲೆ ಮರದ ಬಟ್ಟಲು. ಅದರ ತಳದಲ್ಲಿ ತೂತುಗಳು. ಒಂದೊಂದು ತೂತಿನಿಂದಲೂ ಒಂದೊಂದು ಬಿದಿರಿನ ಕೊಳವೆ ಕೆಳಗಿನ ತಾಳಿಗೆ ಇಳಿದಿರುತ್ತದೆ. ಎತ್ತು ಎಳೆಯುತ್ತಿದ್ದಂತೆ ತಾಳು ನೆಲ ಸೀಳುತ್ತವೆ, ಬಟ್ಟಲಿಗೆ ಬಿಟ್ಟ ಬೀಜ ಸಾಲುಸಾಲಾಗಿ ಬೀಳುತ್ತದೆ. "ನಮ್ಮದು ಹನ್ನೆರಡು ತಾಳಿಂದು ಕಣೋ" ಅಂದರು ಮಾವ. "ಬೀಜ ಬಿಡೋ ಕೈ ಒಂದು ಗಳಿಗೆ ನಿಂತರೂ ಸಾಲು ಬೋಳು. ಅದು ಆವತ್ತು ಕಾಣಲ್ಲ. ಪೈರು ಎದ್ದ ಮೇಲೆ ಊರಿಗೆಲ್ಲಾ ಕಾಣತ್ತೆ."

"ಬರೀ ರಾಗಿ ಕಥೆ ಹೇಳ್ತೀರಲ್ಲ, ಸಡ್ಡೆ ಹಿಡೀತಿದ್ದೋರು ಯಾರು?" ಅಂತ ಹಿಂದಿನಿಂದ ಅತ್ತೆ ಕೇಳಿದರು.

ಸಡ್ಡೆ ಅಂದರೆ ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿದ ಒಂಟಿ ಕೊಳವೆ. ರಾಗಿಯ ಸಾಲುಗಳ ಮಧ್ಯೆ ಅಲ್ಲಲ್ಲಿ ಅಕ್ಕಡಿ ಸಾಲು ಬರಬೇಕಲ್ಲ, ಅವರೆ, ಜೋಳ, ಹುಚ್ಚೆಳ್ಳು, ಅದನ್ನು ಇದರಲ್ಲಿ ಬಿಡೋದು. ಒಂದು ಕೈಯಲ್ಲಿ ಸಡ್ಡೆ ನೆಟ್ಟಗೆ ಹಿಡೀಬೇಕು, ಇನ್ನೊಂದು ಕೈಯಲ್ಲಿ ಮಡಿಲಿಂದ ಕಾಳು ತೆಗೆದು ಬಿಡಬೇಕು, ಎತ್ತಿನ ನಡಿಗೆಗೆ ಸರಿಯಾಗಿ ಹೆಜ್ಜೆ ಹಾಕಬೇಕು. ಅತ್ತೆ ಸೆರಗನ್ನು ಮಡಿಲು ಮಾಡಿಕೊಂಡು ಅಲ್ಲೇ ನಡೆದು ತೋರಿಸಿದರು. ಸುತ್ತ ಇದ್ದ ನಾಲ್ಕು ಜನ ನಿಂತು ನೋಡಿದರು. ಮಾವನ ಪಾಠ ಅಲ್ಲಿಗೆ ಮುಗಿಯಿತು.

ಅಳತೆಯ ಪಾತ್ರೆಗಳ ಹತ್ತಿರ ಮಗಳದ್ದು ಪ್ರಶ್ನೆ ಮೇಲೆ ಪ್ರಶ್ನೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು, 20 ಕೊಳಗಕ್ಕೆ ಒಂದು ಖಂಡುಗ. ಹೊಲವನ್ನೂ ಖಂಡುಗ, ಕೊಳಗ ಅಂತಲೇ ಹೇಳುತ್ತಿದ್ದರು, ಎಷ್ಟು ಬೀಜ ಹಿಡಿಯುತ್ತೋ ಅಷ್ಟು ನೆಲ. "ಹಾಗಾದ್ರೆ ಒಣ ಹೊಲದ ಖಂಡುಗ, ಗದ್ದೆ ಖಂಡುಗ ಬೇರೆ ಬೇರೆ ಆಗತ್ತಲ್ವಾ ತಾತ?" ಅಂದಳು. ಮಾವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ಬಂತು ಬೀಸೋಕಲ್ಲು.

ಅಡುಗೆಮನೆಯ ಸಾಮಾನುಗಳ ಜೊತೆ ಅದೂ ಇತ್ತು. ಮಾವ ನಿಟ್ಟುಸಿರು ಬಿಟ್ಟು, ಕಲ್ಲಲ್ಲಿ ಬೀಸಿದ ಹಿಟ್ಟಿನ ಮುದ್ದೆಯ ರುಚಿಯೇ ಬೇರೆ, ಈಗಿನ ಮಿಲ್ ಹಿಟ್ಟು ಸುಟ್ಟುಹೋಗಿರುತ್ತೆ ಅಂತ ಶುರು ಮಾಡಿದರು.

"ನೀವು ಒಂದಿನಾನಾದ್ರೂ ಬೀಸಿದ್ರಾ?" ಅಂದರು ಅತ್ತೆ.

ಮಾವ ಪಕ್ಕದ ಒರಳು ನೋಡತೊಡಗಿದರು.

ಅತ್ತೆ ಮದುವೆಯಾಗಿ ಬಂದಾಗ ಮನೆ ತುಂಬ ಜನ. ದಿನಕ್ಕೆ ಮೂರು ಸೇರು ರಾಗಿ ಬೇಕು. ರಾಗಿ ಕಾಳು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕೆಡಲ್ಲ, ಆದರೆ ಹಿಟ್ಟು ಮಾಡಿದರೆ ಹಾಗಲ್ಲ. ಅದಕ್ಕೇ ಆಗಾಗ ಬೀಸುತ್ತಲೇ ಇರಬೇಕು. ಕೋಳಿ ಕೂಗೋ ಹೊತ್ತಿಗೆ ಎದ್ದು ಅತ್ತೆ ಒಂದು ಕಡೆ, ಅವರ ಓರಗಿತ್ತಿ ಒಂದು ಕಡೆ ಕೂರೋರು. ಇಬ್ಬರೂ ಒಂದೇ ಗೂಟ ಹಿಡಿದು ತಿರುಗಿಸೋದು. ಬಲಗೈ ಗೂಟದ ಮೇಲಿದ್ದರೆ ಎಡಗೈ ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುತ್ತಿರಬೇಕು. ಜಾಸ್ತಿ ಹಾಕಿದರೆ ತರಿತರಿ ಬೀಳುತ್ತೆ, ಕಮ್ಮಿ ಹಾಕಿದರೆ ಕಲ್ಲಿಗೆ ಕಲ್ಲು ತಾಗಿ ಹಿಟ್ಟಲ್ಲಿ ಮರಳು ಬರುತ್ತೆ. ಸವೆದು ನುಣುಪಾದರೆ ಉಳಿಯಲ್ಲಿ ಕಟೆಸಬೇಕು. ಕಟೆಸಿದ ಮೇಲೆ ಮೊದಲ ಹಿಟ್ಟು ದನಕ್ಕೆ. ಅತ್ತೆ ಅಂಗೈ ಚಾಚಿ ಹೆಬ್ಬೆರಳಿನ ಬುಡ ತೋರಿಸಿದರು. ಅಲ್ಲಿ ಈಗಲೂ ಒಂದು ಜಡ್ಡು ಇದೆ. ಅದು ಕುಡುಗೋಲಿಂದ ಬಂದದ್ದು ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ಪಕ್ಕದಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು ಫೋನ್ ಹಿಡಿದು ನಿಂತಿದ್ದಳು. "ಅಜ್ಜಿ, ಬೀಸೋ ಪದ ಬರತ್ತಾ? ಒಂದು ಹಾಡಿ, ಪ್ಲೀಸ್" ಅಂದಳು. ಅತ್ತೆ ನಕ್ಕರು. "ಖುಷಿಗೆ ಹಾಡ್ತಿರಲಿಲ್ಲ ಕಣಮ್ಮ. ನಿದ್ದೆ ಬರಬಾರದು ಅಂತ ಹಾಡ್ತಿದ್ವಿ." ಆ ಹುಡುಗಿಗೆ ಏನು ಹೇಳಬೇಕು ತೋಚಲಿಲ್ಲ. ಅತ್ತೆಯೇ ಸಮಾಧಾನಕ್ಕೆ ಸೇರಿಸಿದರು: "ಒಳ್ಳೇ ಪದಗಳೇ ಇದ್ವು. ಅದರಲ್ಲಿ ಅತ್ತೇನ ಬೈಯೋದೂ ಇರ್ತಿತ್ತು. ಎದುರಿಗೆ ಬೈಯಕ್ಕಾಗಲ್ಲ ನೋಡು." ನಮ್ಮನೆಯವರು ನನ್ನ ಮುಖ ನೋಡಿದರು. ನಾನು ಎಲ್ಲೋ ನೋಡಿದೆ.

ಊರಿಗೆ ಹಿಟ್ಟಿನ ಮಿಲ್ ಬಂದ ದಿನ ಅವರಿಗೆ ದೀಪಾವಳಿ ಆದಂಗೆ ಆಯ್ತಂತೆ. ಮಿಲ್‌ನವನು ಹಿಟ್ಟು ಕದೀತಾನೆ ಅಂತ ಗಂಡಸರು ಗೊಣಗುತ್ತಿದ್ದರಂತೆ. "ಕದ್ಕೊಳ್ಳಲಿ ಬಿಡು, ಒಂದು ಪಾವು ಕದ್ಕೊಳ್ಳಲಿ ಅಂತಿದ್ದೆ ನಾನು" ಅಂದರು.

ನನಗೆ ಅಲ್ಲಿ ಹೊಳೆದದ್ದು ಇಷ್ಟೇ. ಮಾವನಿಗೆ ಹಳೇ ಕಾಲ ಅಂದರೆ ಕಪಿಲೆ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತೋದು. ಬಾನಿ ತುಂಬಿ ಮೇಲೆ ಬರುವಾಗ ಹಗ್ಗದ ಮೇಲೆ ಕೂತು ಇಳಿಜಾರಲ್ಲಿ ಜಾರಿಕೊಂಡು ಹೋಗೋದು. ಅವರು ಹೇಳುವಾಗ ಈಗಲೂ ಹುಡುಗನೇ. ಆ ಬಾವಿ ಬತ್ತಿ ಎಷ್ಟೋ ಕಾಲವಾಯ್ತು. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅವರಿಗೆ ಬೇಜಾರಾಗೋದು ಸರಿಯೇ. ಅತ್ತೆಯ ಹಳೇ ಕಾಲ ಮಾತ್ರ ಕಲ್ಲಿನ ಮುಂದೆಯೇ ಕಳೆದದ್ದು. ಅದು ಗಾಜಿನ ಪೆಟ್ಟಿಗೆಯಲ್ಲೇ ಇರಲಿ ಅನ್ನೋದು ಅವರ ಖಡಾಖಂಡಿತ ಅಭಿಪ್ರಾಯ. ನನ್ನ ಓಟು ಅತ್ತೆಗೆ.

ಮಧ್ಯಾಹ್ನ ಪಕ್ಕದ ಲೋಕರುಚಿ ಹೋಟೆಲಲ್ಲಿ ಜೋಳದ ರೊಟ್ಟಿ ಊಟ. ಮಾವ ರೊಟ್ಟಿ ಮುರಿಯುತ್ತಾ, ನಮ್ಮನೆ ಬೀಸೋಕಲ್ಲು ಊರಲ್ಲಿ ತುಳಸಿ ಕಟ್ಟೆ ಪಕ್ಕ ಬಿದ್ದಿದೆಯಲ್ಲ, ಕೋಲಾರಕ್ಕೆ ತಂದು ವರಾಂಡದಲ್ಲಿ ಇಟ್ಟರೆ ಚೆನ್ನಾಗಿರುತ್ತೆ ಅಂದರು. ಮಗಳು ಹೂಂ ಹೂಂ ಅಂತ ಕುಣಿದಳು.

"ತನ್ನಿ" ಅಂದರು ಅತ್ತೆ, ಮಜ್ಜಿಗೆ ಕುಡಿಯುತ್ತಾ. "ತಂದೋರು ವಾರಕ್ಕೊಂದು ಸೇರು ಬೀಸಬೇಕು."

ಮಾವ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.