ಉಡುಪಿಯಿಂದ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮಕ್ಕೆ: ಮಕ್ಕಳೊಂದಿಗೆ ಹೊರಡುವವರಿಗೆ

ಶಿವಮೊಗ್ಗದ ಬಳಿಯ ತ್ಯಾವರೆಕೊಪ್ಪದ ಸಫಾರಿಗೆ ಹೊರಡುವ ಕರಾವಳಿಯವರು ಮೊದಲು ಮಕ್ಕಳಿಗೆ ಹೇಳಿಡಬೇಕಾದ ಸಂಗತಿ ಒಂದಿದೆ: ಅಲ್ಲಿ ನಮ್ಮ ಕಾರನ್ನು ಪ್ರಾಣಿಗಳ ನಡುವೆ ಓಡಿಸಲು ಬಿಡುವುದಿಲ್ಲ. ವಿದೇಶದ ಸಫಾರಿ ಉದ್ಯಾನಗಳ ವಿಡಿಯೊ ನೋಡಿದ ನಮ್ಮ ಮಕ್ಕಳು ಸಿಂಹವು ಕಾರಿನ ಗಾಜಿಗೇ ಮೂಗು ತಾಗಿಸುತ್ತದೆ ಎಂದು ನಂಬಿದ್ದರು. ಇಲ್ಲಿ ಕಾರನ್ನು ಹೊರಗೇ ನಿಲ್ಲಿಸಿ, ಟಿಕೆಟ್ ಪಡೆದು, ಕಿಟಕಿಗೆ ಬಲೆ ಹೊದಿಸಿದ ಧಾಮದ ವಾಹನದಲ್ಲಿ ಒಳಗೆ ಹೋಗಬೇಕು. ನನ್ನ ಮಟ್ಟಿಗೆ ಇದೇ ಒಳ್ಳೆಯ ಏರ್ಪಾಡು. ಪ್ರಾಣಿ ಎಲ್ಲಿ ಮಲಗಿದೆ ಎಂಬುದು ಚಾಲಕರಿಗೆ ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ.

ಎರಡನೆಯ ಸಂಗತಿ ಸಮಯದ್ದು. ಉಡುಪಿಯಿಂದ ಹೆಬ್ರಿ, ಆಗುಂಬೆ, ತೀರ್ಥಹಳ್ಳಿ ಮಾರ್ಗವಾಗಿ ಶಿವಮೊಗ್ಗ ಸುಮಾರು 150 ಕಿಲೋಮೀಟರ್ ಆಗುತ್ತದೆ. ಧಾಮವು ಅಲ್ಲಿಂದ ಸಾಗರ ರಸ್ತೆಯಲ್ಲಿ ಇನ್ನೂ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಆದರೆ ವಾಹನದ ಸುತ್ತು ಒಂದು ಗಂಟೆಯೊಳಗೆ ಮುಗಿಯುತ್ತದೆ. ಅಷ್ಟಕ್ಕೇ ಘಟ್ಟ ಹತ್ತಿ ಅದೇ ದಿನ ಇಳಿಯುವುದು ಚಿಕ್ಕ ಮಕ್ಕಳಿಗೂ ಹಿರಿಯರಿಗೂ ದಣಿವಿನ ಕೆಲಸವಾದುದರಿಂದ, ಶಿವಮೊಗ್ಗದಲ್ಲಿ ಒಂದು ರಾತ್ರಿ ಉಳಿಯುವಂತೆ ಯೋಜಿಸಿ, ದಾರಿಯಲ್ಲೇ ಸಿಗುವ ಸಕ್ರೆಬೈಲು ಆನೆ ಬಿಡಾರವನ್ನೂ ಸೇರಿಸಿಕೊಳ್ಳುವುದು ಉತ್ತಮ.

ಬಿಡಾರದಲ್ಲಿ ನೋಡುವಂಥದ್ದು ಇರುವುದು ಬೆಳಿಗ್ಗೆ ಮಾತ್ರ. ತುಂಗೆಯ ಗಾಜನೂರು ಹಿನ್ನೀರಿನಲ್ಲಿ ಮಾವುತರೂ ಅವರ ಸಹಾಯಕರಾದ ಕಾವಾಡಿಗಳೂ ಆನೆಗಳ ಮೈ ತಿಕ್ಕುವ ಹೊತ್ತು ಕಳೆದರೆ, ಅವು ಕಾಡಿನತ್ತ ಮೇಯಲು ಹೊರಟುಬಿಡುತ್ತವೆ. ಹಾಗಾಗಿ ಉಡುಪಿಯನ್ನು ಬೆಳಗಿನ ಐದು ಗಂಟೆಗೆ ಬಿಟ್ಟು, ತೀರ್ಥಹಳ್ಳಿಯಲ್ಲಿ ತಿಂಡಿ ಮುಗಿಸಿ, ಒಂಬತ್ತರ ಸುಮಾರಿಗೆ ಬಿಡಾರ ತಲುಪಬೇಕು. ಮಳೆಗಾಲದಲ್ಲಾದರೆ ಅದಕ್ಕೂ ಮೊದಲು ಮಂಡಗದ್ದೆಯಲ್ಲಿ ಕಾಲು ಗಂಟೆ ನಿಲ್ಲಬಹುದು. ಹೊಳೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುವುದು ರಸ್ತೆಯ ಬದಿಯಿಂದಲೇ ಕಾಣುತ್ತದೆ.

ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರುವುದು ಸಾಮಾನ್ಯ. ಘಾಟಿ ದಾಟುವವರೆಗೆ ಹೊಟ್ಟೆ ತುಂಬ ತಿನ್ನಿಸದಿರುವುದು, ಕೈಗೆ ಸಿಗುವಂತೆ ಲಿಂಬೆಹಣ್ಣು ಮತ್ತು ಖಾಲಿ ಚೀಲಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಈ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರುತ್ತದೆಯಾದ್ದರಿಂದ, ಬಂಧುಗಳೆಲ್ಲ ಸೇರಿ ದೊಡ್ಡ ಬಸ್ಸು ಮಾಡಿಕೊಳ್ಳುವವರು ಹೊರಡುವ ಮುನ್ನ ವಿಚಾರಿಸಿಕೊಳ್ಳಲೇಬೇಕು. ಕುಂದಾಪುರದ ಕಡೆಯವರು ಹುಲಿಕಲ್ ಘಾಟಿ ಹತ್ತಿ ಹೊಸನಗರ, ರಿಪ್ಪನ್‌ಪೇಟೆ, ಆಯನೂರು ಮೂಲಕ ಬಂದರೆ ಶಿವಮೊಗ್ಗ ಪೇಟೆಯೊಳಗೆ ಹೋಗದೆಯೇ ಧಾಮ ಸಿಗುತ್ತದೆ. ಆದರೆ ಆ ದಾರಿಯಲ್ಲಿ ಸಕ್ರೆಬೈಲು ಬರುವುದಿಲ್ಲ.

ಬಿಡಾರದಿಂದ ಶಿವಮೊಗ್ಗಕ್ಕೆ ಬಂದು, ಊಟ ಮಾಡಿ, ಹಿರಿಯರಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು, ಮೂರು ಗಂಟೆಯ ಹೊತ್ತಿಗೆ ಟಿಕೆಟ್ ಕೌಂಟರಿನ ಮುಂದಿರುವುದು ಸರಿಯಾದ ಲೆಕ್ಕ. ಸಿಂಹವು ದಿನದ ಬಹುಭಾಗವನ್ನು ನಿದ್ದೆಯಲ್ಲೇ ಕಳೆಯುವ ಪ್ರಾಣಿ. ನಡು ಮಧ್ಯಾಹ್ನ ಹೋದವರಿಗೆ ಪೊದೆಯ ನೆರಳಿನಲ್ಲಿ ಒಂದು ಬಾಲದ ತುದಿ ಕಂಡರೆ ಅದೇ ಭಾಗ್ಯ. ಮಂಗಳವಾರ ಧಾಮಕ್ಕೆ ರಜೆ. ಶಾಲಾ ರಜೆಯ ಭಾನುವಾರಗಳಲ್ಲಿ ವಾಹನಕ್ಕಾಗಿ ಬಹಳ ಹೊತ್ತು ಕಾಯಬೇಕಾಗುವುದರಿಂದ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ.

1988ರಲ್ಲಿ ಆರಂಭವಾದ ಈ ಧಾಮದಲ್ಲಿ ಜಿಂಕೆ, ಕಡವೆ, ಕೃಷ್ಣಮೃಗಗಳ ಬಯಲು ಬೇರೆ, ಹುಲಿ ಮತ್ತು ಸಿಂಹಗಳ ಆವರಣಗಳು ಬೇರೆ. ಮಾಂಸಾಹಾರಿಗಳ ಆವರಣಕ್ಕೆ ಜೋಡಿ ಗೇಟುಗಳಿವೆ: ವಾಹನವು ಮೊದಲ ಗೇಟನ್ನು ದಾಟಿ, ಅದು ಹಿಂದಿನಿಂದ ಮುಚ್ಚಿದ ಮೇಲೆಯೇ ಎದುರಿನದು ತೆರೆಯುತ್ತದೆ. ಅಷ್ಟು ಹೊತ್ತೂ ಕೀಟಲೆ ಮಾಡುತ್ತಿದ್ದ ಮಕ್ಕಳು ಎರಡು ಗೇಟುಗಳ ನಡುವಿನ ಆ ಅರೆನಿಮಿಷದಲ್ಲಿ ತಾವಾಗಿಯೇ ಸುಮ್ಮನಾದರು. ಉಡುಪಿಯ ವಿಟ್ಲಪಿಂಡಿ ಹಬ್ಬದಲ್ಲಿ ತಾಸೆ ವಾದ್ಯದ ಪೆಟ್ಟಿಗೆ ಕುಣಿಯುವ ವೇಷದ ಹುಲಿಗಳನ್ನಷ್ಟೇ ಕಂಡಿದ್ದ ನಮ್ಮ ಕಿರಿಯವನಿಗೆ, ನಿಜವಾದ ಹುಲಿ ನಮ್ಮತ್ತ ತಿರುಗಿಯೂ ನೋಡದೆ ರಸ್ತೆ ದಾಟಿ ಹೋದದ್ದು ತುಸು ಅವಮಾನವೆನಿಸಿತು.

ಫೋಟೊ ತೆಗೆಯುವವರು ಕಿಟಕಿಯ ಪಕ್ಕದ ಆಸನ ಹಿಡಿದು, ಮೊಬೈಲಿನ ಕ್ಯಾಮೆರಾವನ್ನು ಬಲೆಯ ಕಂಡಿಗೆ ತೀರ ಹತ್ತಿರ ಇಟ್ಟರೆ ಬಲೆಯ ಗೆರೆಗಳು ಚಿತ್ರದಲ್ಲಿ ಮಸುಕಾಗುತ್ತವೆ. ಬೆರಳು ಮಾತ್ರ ಹೊರಗೆ ಹೋಗಕೂಡದು. ಪ್ರಾಣಿಗಳನ್ನು ಕೂಗಿ ಕೆಣಕುವುದು, ತಿಂಡಿ ಎಸೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಶಿಕ್ಷಾರ್ಹ. ನಮ್ಮ ಹಿಂದಿನ ಸಾಲಿನವರು ಸೀಟಿ ಹೊಡೆದಾಗ ಕಾಯ್ದೆಗಿಂತ ನನ್ನ ಅತ್ತೆಯವರ ನೋಟವೇ ಬೇಗ ಕೆಲಸ ಮಾಡಿತು. ಮಂಡಿನೋವಿರುವ ಅವರಿಗೆ ವಾಹನದ ಎತ್ತರದ ಮೆಟ್ಟಿಲು ಕಷ್ಟವಾಯಿತು. ಅಂಥವರನ್ನು ಮೊದಲೇ ಹತ್ತಿಸಿ ಮುಂದಿನ ಆಸನದಲ್ಲಿ ಕೂರಿಸಿ. ಸಫಾರಿಯ ನಂತರ ಚಿರತೆ, ಕರಡಿ ಮೊದಲಾದವನ್ನು ನಡೆದುಕೊಂಡು ನೋಡುವ ಮೃಗಾಲಯದ ಭಾಗವಿದೆ. ಮಂಗಳೂರಿನ ಪಿಲಿಕುಳ ಮೃಗಾಲಯವನ್ನು ಸಾವಧಾನವಾಗಿ ನೋಡಿದವರು ಇಲ್ಲಿ ಬೇಗ ಮುಗಿಸಬಹುದು.

ಮರಳುವ ದಿನ ಮಧ್ಯಾಹ್ನದೊಳಗೆ ಶಿವಮೊಗ್ಗ ಬಿಡಿ. ಆಗುಂಬೆಯ ಸೂರ್ಯಾಸ್ತದ ಆಸೆಗೆ ಕಾದು ನಿಂತರೆ ಕತ್ತಲಲ್ಲಿ, ಹಲವು ಸಲ ಮಂಜಿನಲ್ಲಿ, ಘಾಟಿ ಇಳಿಯಬೇಕಾಗುತ್ತದೆ; ಮಕ್ಕಳನ್ನು ಕರೆದುಕೊಂಡವರು ಆ ಆಸೆಯನ್ನು ಇನ್ನೊಂದು ಪ್ರವಾಸಕ್ಕೆ ಬಿಡುವುದು ಲೇಸು.