ಸ್ಟಾಕ್ ಮ್ಯಾನಿಫೋಲ್ಡ್ ಇದೆಯಾ ಸಾರ್?

ಬೆಂಗಳೂರಿನಲ್ಲಿ ಹಳೇ ಹೋಂಡಾ ಸಿಟಿಗೆ ಹೆಡರ್ (ಎಂಜಿನ್ನಿನ ಹೊಗೆ ಸರಾಗವಾಗಿ ಹೋಗಲು ಹಾಕಿಸುವ ಪೈಪ್ ಸೆಟ್) ಬೇಕು ಅಂದರೆ ಸಂಜೆಯೊಳಗೆ ಯಾರಾದರೂ ಫೋಟೊ ಕಳಿಸುತ್ತಾರೆ. ಕಾರನ್ನು ತಗ್ಗಿಸಲು ಹಾಕುವ, ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್ ಕಾಯಿಲೋವರ್ ಬೇಕಾ, ಸ್ವಲ್ಪ ಕಾದರೆ ಅದೂ ಸಿಗುತ್ತದೆ. ಬಕೆಟ್ ಸೀಟು, ಕೋನ್ ಫಿಲ್ಟರ್, 15 ಇಂಚಿನ ಅಲಾಯ್ ಎಲ್ಲವೂ ಕೈಯಿಂದ ಕೈಗೆ ತಿರುಗುತ್ತಲೇ ಇರುತ್ತವೆ. ಆದರೆ ಸ್ಟಾಕ್, ಅಂದರೆ ಕಂಪನಿಯಿಂದಲೇ ಬಂದ ಎಕ್ಸಾಸ್ಟ್ ಮ್ಯಾನಿಫೋಲ್ಡು (ಹೆಡರ್ ಹಾಕಲು ಬಿಚ್ಚುವುದು ಇದನ್ನೇ), ಅದರ ಮೇಲಿನ ಹೀಟ್ ಶೀಲ್ಡು, ಫಿಲ್ಟರ್ ಕೂರುವ ಕಪ್ಪು ಪ್ಲಾಸ್ಟಿಕ್ ಏರ್ ಬಾಕ್ಸು ಬೇಕು ಅಂತ ಕೇಳಿ ನೋಡಿ. ಎಲ್ಲರೂ ನಗುತ್ತಾರೆ. "ಅದನ್ನ ಯಾರ್ ಇಟ್ಕೋತಾರೆ ಗುರು?"

ನನಗೆ ಬೇಕಾಗಿದ್ದದ್ದು ಅದೇ.

ನನ್ನದು 2001ರ ಸಿಟಿ, ವಿಟೆಕ್, ಅಂದರೆ ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ತೆರೆಯುವ ರೀತಿಯನ್ನೇ ಬದಲಾಯಿಸುವ ಹೋಂಡಾ ಎಂಜಿನ್. ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ. 2000ದಲ್ಲಿ 1.5 ಲೀಟರಿನ ವಿಟೆಕ್ ಬಂತು, 106 ಬಿಎಚ್‌ಪಿ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 2003ರಲ್ಲಿ ಜನ ಡಾಲ್ಫಿನ್ ಅಂತ ಕರೆಯುವ ಹೊಸ ಸಿಟಿ ಬಂದ ಮೇಲೆ ಈ ಮಾಡೆಲ್ ನಿಂತುಹೋಯಿತು. ಇದರ ಡಿ ಸೀರೀಸ್ ಎಂಜಿನ್ ಹೊರದೇಶದ ಸಿವಿಕ್‌ಗಳಲ್ಲೂ ಇತ್ತು. ಹಾಗಾಗಿ ಅಲ್ಲಿನ ಪಾರ್ಟ್ಸ್ ತರಿಸಿ ಹಾಕುವುದು ಸುಲಭವಾಯಿತು, ಕಾರು ಮಾಡಿಫಿಕೇಷನ್ ಹುಡುಗರ ಕೈಗೆ ಬಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಇದರಲ್ಲಿ ಹೆಡರ್, ಕಾಯಿಲೋವರ್, ಕೋನ್ ಫಿಲ್ಟರ್ ಎಲ್ಲಾ ಕೂತಿದ್ದವು. ಸ್ಟಾಕ್ ಪಾರ್ಟ್ಸ್ ಎಲ್ಲಿ ಅಂತ ಕೇಳಿದ್ದಕ್ಕೆ ಹಿಂದಿನ ಓನರ್ ತನ್ನ ಹಿಂದಿನ ಓನರ್ ಕಡೆ ಕೈ ತೋರಿಸಿದ. ಅವನು ಗುಜರಿ ಕಡೆ ಕೈ ತೋರಿಸಿದ.

ಇಷ್ಟು ದಿನ ಅದರಿಂದ ತೊಂದರೆ ಇರಲಿಲ್ಲ. ಆದರೆ ಆರ್‌ಸಿ ರಿನ್ಯೂವಲ್ ಹತ್ತಿರ ಬಂತು. 15 ವರ್ಷ ದಾಟಿದ ಸ್ವಂತ ಕಾರಿಗೆ 5 ವರ್ಷಕ್ಕೊಮ್ಮೆ ಆರ್‌ಟಿಒಗೆ ಕಾರು ತೋರಿಸಿ ರಿನ್ಯೂ ಮಾಡಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಓನರ್ ಮಾಡಿಸಿದ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಹಾಕಬಹುದು, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಇನ್ಶೂರೆನ್ಸ್‌ನವರಿಗೂ ತಕರಾರು ಮಾಡಲು ಒಂದು ನೆಪ ಸಿಕ್ಕ ಹಾಗೆ. ನನಗೂ ವಯಸ್ಸಾಯಿತು ಅನ್ನಿ. ಒಂದೊಂದು ಹಂಪ್‌ಗೂ ಕಾರನ್ನು ಓರೆ ಮಾಡಿ ಹತ್ತಿಸುವುದು ಸಾಕಾಗಿತ್ತು.

ಮೊದಲು ಹೋಗಿದ್ದು ಜೆ.ಸಿ. ರಸ್ತೆಗೆ. ಕೌಂಟರ್ ಹಿಂದಿದ್ದ ಹಿರಿಯರು ಕಾರಿನ ಹೆಸರು ಕೇಳಿದ್ದೇ ತಲೆ ಆಡಿಸಿದರು. ಬುಷ್ ಬೇಕಾ ಇದೆ, ಗ್ಯಾಸ್ಕೆಟ್ ಬೇಕಾ ಇದೆ, ಬ್ರೇಕ್ ಪ್ಯಾಡ್ ಇದೆ. ಸವೆಯುವ ಸಾಮಾನು ಅಷ್ಟೇ ಅಂಗಡಿಯಲ್ಲಿ ಇಡುತ್ತಾರೆ. ಮ್ಯಾನಿಫೋಲ್ಡ್ ಸವೆಯುವುದಿಲ್ಲವಲ್ಲ, ಅದನ್ನು ಯಾರು ತರಿಸಿಡುತ್ತಾರೆ? ಶಿವಾಜಿನಗರದ ಗುಜರಿ ಸಾಲಿನಲ್ಲೂ ವಿಚಾರಿಸಿದೆ. ಅಲ್ಲಿ ಒಬ್ಬ ಬಾಗಿಲು, ಬಂಪರ್, ಟೇಲ್ ಲೈಟ್ ಎಲ್ಲಾ ತೋರಿಸಿ ಕೊನೆಗೆ ಹೇಳಿದ: "ಬೀಡು ಎಲ್ಲಾ ತೂಕಕ್ಕೆ ಹೋಗ್ಬಿಡುತ್ತೆ ಅಣ್ಣ." ಎರಕದ ಕಬ್ಬಿಣಕ್ಕೆ ತಕ್ಷಣ ಕಾಸು ಬರುತ್ತದೆ, ಅಂಗಡಿಯಲ್ಲಿ ಜಾಗವೂ ಉಳಿಯುತ್ತದೆ. ಅವನ ಲೆಕ್ಕ ಸರಿಯೇ.

ಆಮೇಲೆ ಗೊತ್ತಿದ್ದ ಹುಡುಗರಿಗೆಲ್ಲ ಹೇಳಿಟ್ಟೆ: ಹೆಡರ್, ಕಾಯಿಲೋವರ್ ಕೊಡುತ್ತೇನೆ, ಸ್ಟಾಕ್ ಸೆಟ್ ಬೇಕು. ಫೋನ್ ಶುರುವಾದವು. ಮುಕ್ಕಾಲು ಪಾಲು ಟೈಂಪಾಸ್ ಪಾರ್ಟಿಗಳು. "ಲಾಸ್ಟ್ ರೇಟ್ ಎಷ್ಟು?" ಅಂತ ಕೇಳಿದವರಿಗೆ ಫಸ್ಟ್ ರೇಟೇ ನಾನು ಹೇಳಿರಲಿಲ್ಲ. ಒಬ್ಬ ಹೆಡರ್ ತನ್ನ ಸ್ವಿಫ್ಟ್‌ಗೆ ಕೂರುತ್ತಾ ಅಂದ. ಇನ್ನೊಬ್ಬ ಫೋಟೊ ನೋಡಿಯೇ, "ಇದು ಆರ್.ಟಿ. ನಗರದ ಬಿಳಿ ಸಿಟಿಯಲ್ಲಿದ್ದ ಹೆಡರ್ ಅಲ್ವಾ?" ಅಂತ ಕೇಳಿದ. ಹೆಡರ್‌ನ ಪೈಪುಗಳೆಲ್ಲ ಒಂದಾಗುವ ಕಲೆಕ್ಟರ್ ಹತ್ತಿರ ಇದ್ದ ಒಂದು ಬೆಸುಗೆ ಗುರುತಿನಿಂದ ಹಿಡಿದುಬಿಟ್ಟಿದ್ದ. ಈ ಊರಿನಲ್ಲಿ ಕಾರಿಗಿಂತ ಪಾರ್ಟಿನ ಜಾತಕ ಜನಕ್ಕೆ ಚೆನ್ನಾಗಿ ಗೊತ್ತಿರುತ್ತದೆ.

ಕೊನೆಗೆ ರಾಜಾಜಿನಗರದಿಂದ ಒಬ್ಬರು ಫೋನ್ ಮಾಡಿದರು. ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಪ್ರಿಂಟಿಂಗ್ ಪ್ರೆಸ್ ಇದೆ. ಅವರ ಹತ್ತಿರ ಇದೇ ಮಾಡೆಲ್‌ನ ಎರಡು ಸಿಟಿ. ಒಂದನ್ನು ಪೂರ್ತಿ ಬಿಚ್ಚಿ ಟ್ರ್ಯಾಕಿಗೆ ಅಂತಲೇ ಮಾಡಿಸುತ್ತಿದ್ದಾರೆ, ರೋಡಿಗೆ ಇಳಿಸುವುದಿಲ್ಲ, ಟ್ರಕ್ ಮೇಲೆ ಹಾಕಿಕೊಂಡು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಒಯ್ಯುತ್ತಾರೆ. ಬಿಚ್ಚಿದ ಒಂದು ನಟ್ಟನ್ನೂ ಬಿಸಾಕಿಲ್ಲವಂತೆ. ಅವರು ಫೋನಿನಲ್ಲಿ ರೇಟ್ ಕೇಳಲೇ ಇಲ್ಲ. "ಎಲ್ಲೆಲ್ಲಿ ಪೆಟ್ಟಾಗಿದೆ ಹೇಳಿ ಮೊದಲು" ಅಂದರು. ಆಗಲೇ ನನಗೆ ಇದು ಆಗುವ ವ್ಯಾಪಾರ ಅನ್ನಿಸಿತು. ಮುಂದಿನ ಎಡಗಡೆ ಕಾಯಿಲೋವರ್‌ನಲ್ಲಿ ಆಯಿಲ್ ಜಿನುಗುತ್ತಿದೆ, ಹೆಡರ್‌ನ ಒಂದು ಪೈಪ್ ಕೆಳಗೆ ತಗುಲಿ ಚಪ್ಪಟೆಯಾಗಿದೆ ಅಂತ ವಿಡಿಯೊ ಮಾಡಿ ಕಳಿಸಿದೆ. ಅವರೂ ತಮ್ಮ ಮ್ಯಾನಿಫೋಲ್ಡಿನ ತುಕ್ಕು, ಹೀಟ್ ಶೀಲ್ಡಿನ ಸೀಳು ತೋರಿಸಿದರು.

ಭಾನುವಾರ ಬೆಳಗ್ಗೆ ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಮೇಸ್ತ್ರಿಯ ಗ್ಯಾರೇಜಿನಲ್ಲಿ ಸೇರುವುದು ಅಂತಾಯಿತು. ಹಿಂದಿನ ದಿನವೇ ನನ್ನ ಕಾರಿನಿಂದ ಎಲ್ಲಾ ಬಿಚ್ಚಿಸಿಟ್ಟಿದ್ದೆ. ಪ್ರೆಸ್ ಸಾರ್ ಓಮ್ನಿಯಲ್ಲಿ ಬಂದರು. ಹಿಂದಿನ ಬಾಗಿಲು ತೆಗೆದರೆ ಮದುವೆ ಕರೆಯೋಲೆಯ ಪ್ರೂಫ್ ಹಾಳೆಗಳಲ್ಲಿ ಸುತ್ತಿದ ಗಂಟುಗಳು. ಒಂದೊಂದರ ಮೇಲೂ ಮಾರ್ಕರ್‌ನಲ್ಲಿ ಬರೆದಿದ್ದರು: ಮುಂದೆ ಎಡ, ಮುಂದೆ ಬಲ, ಏರ್ ಬಾಕ್ಸ್, ಶೀಲ್ಡ್. ಜೊತೆಗೆ ಬಂದಿದ್ದ ಅವರ ಮನೆಯವರು ಇಳಿಯದೆ ಕೂತಲ್ಲಿಂದಲೇ ಹೇಳಿದರು: "ಕೊಟ್ಟು ಕೈ ತೊಳ್ಕೊಳ್ಳಿ ಅಂತ ಕರ್ಕೊಂಡು ಬಂದಿದ್ದೀನಿ. ನೋಡ್ತಾ ಇರಿ, ಅಷ್ಟೇ ಸಾಮಾನು ವಾಪಸ್ ತುಂಬ್ಕೋತಾರೆ."

ನೋಡುವ ಕೆಲಸ ಹೆಡರ್‌ನಿಂದ ಶುರುವಾಯಿತು. ಅವರ ಜೇಬಿನಿಂದ ಒಂದು ಸಣ್ಣ ಮ್ಯಾಗ್ನೆಟ್ ಹೊರಗೆ ಬಂತು. ಒಳ್ಳೇ 304 ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಕಚ್ಚುವುದಿಲ್ಲ. ಮೈಲ್ಡ್ ಸ್ಟೀಲಿಗೆ ಸಿಲ್ವರ್ ಪೇಂಟ್ ಹೊಡೆದು ಮಾರುವವರು ಇದ್ದಾರೆ, ಅಂಥವರು ಸಿಕ್ಕಿಬೀಳುವುದು ಇಲ್ಲೇ. ನಾಲ್ಕೂ ಪೈಪಿನ ಮೇಲೆ ಎಳೆದರು, ಕಚ್ಚಲಿಲ್ಲ. ಬೆಸುಗೆ ಹತ್ತಿರ ಮಾತ್ರ ಚೂರು ಎಳೆಯಿತು. "ಬೆಸುಗೇಲಿ ಹಾಗೇ ಇರುತ್ತೆ" ಅಂತ ಅವರೇ ಅಂದುಕೊಂಡರು. ಆಮೇಲೆ ಫ್ಲ್ಯಾಂಜ್, ಅಂದರೆ ಹೆಡರ್ ಎಂಜಿನ್ನಿಗೆ ಕೂರುವ ಚಪ್ಪಟೆ ಪಟ್ಟಿಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಕೆಳಗಿನಿಂದ ಟಾರ್ಚ್ ಬಿಟ್ಟರು. ಫ್ಲ್ಯಾಂಜ್ ಬಿಸಿಗೆ ಸೊಟ್ಟಗಾಗಿದ್ದರೆ ಸ್ಕೇಲ್ ಕೆಳಗೆ ಬೆಳಕು ಇಣುಕುತ್ತದೆ. ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಆಮೇಲೆ ಅದು ಟಿಕ್ ಟಿಕ್ ಅಂತ ಲೀಕ್ ಆಗುತ್ತದೆ. ಕೊನೆಯ ಪೋರ್ಟ್ ಹತ್ತಿರ ಕೂದಲೆಳೆಯಷ್ಟು ಬೆಳಕು ಕಂಡಿತು. ಅವರು ನನ್ನ ಮುಖ ನೋಡಿದರು. ಮೇಸ್ತ್ರಿ ನಡುವೆ ಬಂದು, "ಪಕ್ಕದ ಶೆಡ್‌ನಲ್ಲಿ ಫೇಸಿಂಗ್ ಹೊಡ್ಸಿ ಸಾರ್, ಮಟ್ಟ ಆಗ್ಬಿಡುತ್ತೆ" ಅಂದ. ಪೀಣ್ಯದಲ್ಲಿ ಇದೊಂದು ಅನುಕೂಲ. ಯಾವ ಪಾರ್ಟ್ ಕೈಯಲ್ಲಿದ್ದರೂ ನೂರು ಅಡಿಯೊಳಗೆ ಅದನ್ನು ಸರಿ ಮಾಡುವ ಮಷೀನ್ ಇರುತ್ತದೆ.

ಕಾಯಿಲೋವರ್‌ಗೆ ಅವರು ಇನ್ನೂ ಜಾಸ್ತಿ ಹೊತ್ತು ತೆಗೆದುಕೊಂಡರು. ಬೆರಳಿನಿಂದ ಶಾಫ್ಟ್ ಸವರಿ ನೋಡಿದರು. ಕ್ರೋಮ್ ಮೇಲೆ ತುಕ್ಕಿನ ಚುಕ್ಕೆ ಇದ್ದರೆ ಅದು ಸೀಲನ್ನು ಕೆರೆದು ತಿನ್ನುತ್ತದೆ, ರಿಪೇರಿ ಮಾಡಿಸಿದರೂ ನಿಲ್ಲುವುದಿಲ್ಲ. ಎತ್ತರ ಹೊಂದಿಸುವ ರಿಂಗ್‌ಗಳನ್ನು ಒಂದೊಂದಾಗಿ ತಿರುಗಿಸಿದರು. ನಮ್ಮ ಮಳೆ, ಕೆಸರಿಗೆ ಆ ಥ್ರೆಡ್ ಹಿಡಿದುಕೊಂಡರೆ ಮುಗಿಯಿತು, ಸ್ಪ್ಯಾನರ್ ಬಾಗುತ್ತದೆ, ರಿಂಗ್ ಅಲ್ಲಾಡುವುದಿಲ್ಲ. ನನ್ನವು ತಿರುಗಿದವು. ಲೀಕ್ ಇದ್ದ ಎಡಗಡೆಯದನ್ನು ಬಟ್ಟೆಯಲ್ಲಿ ಒರೆಸಿ, ಶಾಫ್ಟ್ ಒತ್ತಿ ಬಿಟ್ಟು, ಮತ್ತೆ ಒರೆಸಿದರು. "ನೀವು ಹೇಳಿದ್ದಕ್ಕಿಂತ ಕಮ್ಮೀನೇ ಇದೆ" ಅಂದರು. ವ್ಯಾಪಾರದಲ್ಲಿ ಕೊಳ್ಳುವವರು ಹೀಗೆ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

ಹೀಗೆ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನ ಸ್ನೇಹಿತನೊಬ್ಬ ತನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ಬೇರೆ ಊರಿನಿಂದ ಟರ್ಬೊ ತರಿಸಿದ, ಫೋಟೊದಲ್ಲಿ ಫಳಫಳ ಅಂತಿತ್ತು. ಬಂದ ಮೇಲೆ ಶಾಫ್ಟ್ ಹಿಡಿದು ಅಲ್ಲಾಡಿಸಿದೆವು. ಪಕ್ಕಕ್ಕೆ ಚೂರು ಆಡಿದರೆ ಪರವಾಗಿಲ್ಲ, ಆಯಿಲ್ ಪ್ರೆಷರ್ ಇಲ್ಲದಾಗ ಹಾಗೇ. ಅದು ಒಳಗೂ ಹೊರಗೂ ಆಡುತ್ತಿತ್ತು. ಅಂದರೆ ಥ್ರಸ್ಟ್ ಬೇರಿಂಗ್ ಹೋಗಿದೆ ಅಂತ. ಫೋಟೊದಲ್ಲಿ ಅದು ಕಾಣುತ್ತಾ?

ಈಗ ನಮ್ಮ ಸರದಿ. ಮೇಸ್ತ್ರಿ ಅವರ ಮ್ಯಾನಿಫೋಲ್ಡನ್ನು ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದ. ಎರಕದ ಕಬ್ಬಿಣದಲ್ಲಿ ಸೀಳಿದ್ದರೆ ದನಿ ಬೊದ್ದಾಗಿ ಬರುತ್ತದೆ. ಇದು ಠಣ್ ಅಂತು. ಸ್ಟಾಕ್ ಶಾಕ್ ಅಬ್ಸಾರ್ಬರ್‌ಗಳು ಒತ್ತಿದರೆ ಒಂದೇ ಸಮ ಕೆಳಗಿಳಿದವು, ಲೀಕ್ ಇಲ್ಲ. ಆದರೆ ಶಾಫ್ಟಿನಲ್ಲಿದ್ದ ಹಳದಿ ಬಂಪ್ ಸ್ಟಾಪ್ (ಜೋರು ಪೆಟ್ಟು ತಡೆಯುವ ಫೋಮ್ ತುಂಡು) ಮುಟ್ಟಿದ್ದೇ ತಡ, ಕೊಬ್ಬರಿ ಮಿಠಾಯಿ ಥರ ಪುಡಿಪುಡಿಯಾಗಿ ಉದುರಿತು. ನಾಲ್ಕರದ್ದೂ ಅದೇ ಕಥೆ. ಫೋಮ್ ತಾನೆ, ಬಳಸದೆ ಇಟ್ಟರೂ ಹಾಳಾಗುತ್ತದೆ. ಅದು ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುವ ಸಾಮಾನು, ಹಾಗಾಗಿ ದೊಡ್ಡ ವಿಷಯವಲ್ಲ. ಏರ್ ಬಾಕ್ಸ್ ನೋಡಿ ಮಾತ್ರ ನನಗೆ ಖುಷಿ ತಡೆಯಲಾಗಲಿಲ್ಲ. ಮುಚ್ಚಳ ಹಿಡಿಯುವ ತಂತಿ ಕ್ಲಿಪ್‌ಗಳು ಈ ವಯಸ್ಸಿನ ಕಾರಿನಲ್ಲಿ ಇರುವುದೇ ಇಲ್ಲ, ಎಲ್ಲರೂ ಪ್ಲಾಸ್ಟಿಕ್ ಟ್ಯಾಗ್ ಕಟ್ಟಿಕೊಂಡು ಓಡಾಡುತ್ತಾರೆ. ಇವರು ಕ್ಲಿಪ್ ಬಿಚ್ಚಿ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದರು.

ಇನ್ನು ದುಡ್ಡಿನ ಮಾತು. ನನ್ನ ಲೆಕ್ಕ ಹೀಗಿತ್ತು: ನನ್ನದು ಹೊರದೇಶದ ಮಾಲು, ಅವರದ್ದು ಯಾರಿಗೂ ಬೇಡದ ಕಬ್ಬಿಣ. ಕಾಯಿಲೋವರ್, ಹೆಡರ್ ಎರಡಕ್ಕೂ ಸೇರಿ ಸ್ಟಾಕ್ ಸೆಟ್ ಮತ್ತು 40,000 ಕೇಳಿದೆ. ಅವರು ಶಾಂತವಾಗಿ ಕೇಳಿದರು: "ನಿಮ್ ಹೆಡರ್ ಥರದ್ದು ಇನ್ನೂ ಇಬ್ಬರು ನನಗೆ ಆಫರ್ ಮಾಡಿದ್ದಾರೆ. ನನ್ನ ಏರ್ ಬಾಕ್ಸ್ ಥರದ್ದು ನಿಮಗೆ ಎಷ್ಟು ಜನ ಆಫರ್ ಮಾಡಿದ್ದಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಸ್ತ್ರಿ ಬೀಡಿ ಹಚ್ಚುವ ನೆಪದಲ್ಲಿ ಆಚೆ ಹೋದ.

ಹೆಡರ್‌ಗೆ ಪ್ರತಿಯಾಗಿ ಮ್ಯಾನಿಫೋಲ್ಡು, ಶೀಲ್ಡು, ಏರ್ ಬಾಕ್ಸು. ಒಂದು ಪೈಸೆಯೂ ಆಚೆ ಈಚೆ ಇಲ್ಲ. ಕಾಯಿಲೋವರ್‌ಗೆ ನಾಲ್ಕು ಸ್ಟಾಕ್ ಶಾಕ್ಸು, ಸ್ಪ್ರಿಂಗು, ಮೇಲೆ 15,000 ಅಂದರು. ನಾನು 25,000 ಅಂದೆ. ನಡುವೆ ಅವರು ಓಮ್ನಿಯ ಮೂಲೆಯಿಂದ ಹಳೇ ಸ್ವಿಫ್ಟ್‌ನ ಅಲಾಯ್ ಸೆಟ್ ಎಳೆದು, "ಇದನ್ನೂ ಹಾಕ್ಕೊಳ್ಳಿ, 15ಕ್ಕೇ ಮುಗಿಸೋಣ" ಅಂದರು. ನೋಡಲು ಚೆನ್ನಾಗಿದ್ದವು, ಪಿಸಿಡಿಯೂ (ಬೋಲ್ಟ್ ತೂತುಗಳ ವೃತ್ತದ ಅಳತೆ) ನನ್ನ ಕಾರಿನದ್ದೇ, 4 ಬೋಲ್ಟು 100 ಮಿಲಿಮೀಟರ್. ಆಚೆಯಿಂದಲೇ ಮೇಸ್ತ್ರಿ ಕೂಗಿದ: "ಸೆಂಟರ್ ಬೋರ್ ನೋಡಿ!" ಸುಜುಕಿಯದ್ದು 54.1, ಹೋಂಡಾದ್ದು 56.1. ನಡುವಿನ ತೂತು 2 ಮಿಲಿಮೀಟರ್ ಚಿಕ್ಕದು, ಹಬ್ ಮೇಲೆ ಕೂರುವುದಿಲ್ಲ. ಹೋಂಡಾ ವೀಲ್ ಸುಜುಕಿಗೆ ಹಾಕುವುದಾದರೆ ಒಂದು ರಿಂಗ್ ಸಾಕು. ಇದಕ್ಕೆ ಲೇತಿನಲ್ಲಿ ಕೊರೆಸಬೇಕು. ಪ್ರೆಸ್ ಸಾರ್ ನಕ್ಕು ವೀಲನ್ನು ವಾಪಸ್ ಒಳಗಿಟ್ಟರು. ಅವರಿಗೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ ಅಂತ ನನ್ನ ಅನುಮಾನ. ಕೊನೆಗೆ 20,000ಕ್ಕೆ ನಿಂತಿತು. ಮೊಬೈಲಿನಲ್ಲಿ ದುಡ್ಡು ಬಂದ ಸದ್ದು ಕೇಳಿದ ಮೇಲೆ ಅವರ ಮನೆಯವರು ಮೊದಲ ಸಲ ಓಮ್ನಿಯಿಂದ ಇಳಿದು ಕಾಫಿ ಎಲ್ಲಿ ಸಿಗುತ್ತೆ ಅಂತ ಕೇಳಿದರು.

ಹೊರಡುವಾಗ ಪ್ರೆಸ್ ಸಾರ್ ನನ್ನನ್ನು ಪಕ್ಕಕ್ಕೆ ಕರೆದು, "ಈ ಸೆಟ್ ಮುಂದೆ ಯಾವತ್ತಾದ್ರೂ ಕೊಡೋದಾದ್ರೆ ನನಗೇ ಮೊದಲು ಹೇಳ್ಬೇಕು" ಅಂತ ಮಾತು ತೆಗೆದುಕೊಂಡರು. ಮನೆಯವರಿಗೆ ಕೇಳಿಸದ ಹಾಗೆ.

ಜೋಡಿಸುವ ಕೆಲಸ ಆ ವಾರವೇ ಮುಗಿಯಿತು. ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್, ಹೊಸ ಬಂಪ್ ಸ್ಟಾಪ್ ಹಾಕಿದೆವು. ಗ್ಯಾಸ್ಕೆಟ್ ಮಾತ್ರ ಯಾವತ್ತೂ ಸೆಕೆಂಡ್ಸ್ ತೆಗೆದುಕೊಳ್ಳಬಾರದು, ಯಾರು ಎಷ್ಟೇ ಆಣೆ ಇಟ್ಟರೂ. ಕಾರು ಈಗ ಮೊದಲಿಗಿಂತ ಎತ್ತರ ನಿಂತಿದೆ, ಮೆತ್ತಗೆ ಓಡುತ್ತದೆ, ಸದ್ದೇ ಇಲ್ಲ. ಮೇಲಿನ ಆರ್‌ಪಿಎಂನಲ್ಲಿ ವಿಟೆಕ್ ಕ್ಯಾಮ್ ಬದಲಾಗುವಾಗಿನ ಆ ಗರ್ಜನೆ ತುಂಬಾ ಕಡಿಮೆಯಾಗಿದೆ, ಅದೊಂದು ಬೇಜಾರು. ಆರ್‌ಟಿಒದಲ್ಲಿ ಚಾಸಿಸ್ ನಂಬರ್, ಲೈಟು, ಎಮಿಷನ್ ಎಲ್ಲಾ ನೋಡಿದರು, ಬಾನೆಟ್ ತೆಗೆಸಿದರು, ರಿನ್ಯೂ ಆಯಿತು.

ಮೊನ್ನೆ ಪ್ರೆಸ್ ಸಾರ್ ಫೋನ್ ಮಾಡಿದ್ದರು. ಲೀಕ್ ರಿಪೇರಿ ಆಗಿದೆ, ಆದರೆ ಆ ರಿಂಗ್ ತಿರುಗಿಸುವ ಸ್ಪ್ಯಾನರ್ ಮೇಸ್ತ್ರಿಯ ಟೂಲ್ ಡಬ್ಬದಲ್ಲೇ ಉಳಿದಿದೆಯಂತೆ, ಯಾವಾಗ ಕೊಡುತ್ತೀರಿ ಅಂದರು. ನಾನು ಹಾರ್ಲಿಕ್ಸ್ ಬಾಟಲಿಯಲ್ಲಿ ಮೂರೇ ಕ್ಲಿಪ್ ಇರುವ ವಿಷಯ ಎತ್ತಿದೆ. ನಾಲ್ಕನೆಯದು ಹುಡುಕಿ ತನ್ನಿ, ಸ್ಪ್ಯಾನರ್ ತಗೊಂಡು ಹೋಗಿ ಅಂದೆ. ಅವರು ಸ್ವಲ್ಪ ಯೋಚಿಸಿ, "ಆ ಕ್ಲಿಪ್‌ಗೆ ಬರೀ ಸ್ಪ್ಯಾನರ್ ಸಾಕಾಗಲ್ಲ ಸಾರ್" ಅಂದರು.